ಥೀಮ್ ಪಾರ್ಕ್ ಗೈಡ್‌ಬುಕ್ ಸಲಹೆ ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡುವುದು ಹೇಗೆ? (ಕಾಲೇಜ್ ಪ್ರಾಜೆಕ್ಟ್)

ಟಿಳಕವಾಡಿ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಬಿಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ನಾವು ಆರು ಜನ ಸೇರಿ ಪ್ರಾಜೆಕ್ಟ್‌ಗೆ ತಗೊಂಡ ವಿಷಯ ಇದು: ಥೀಮ್ ಪಾರ್ಕ್ ಗೈಡ್‌ಬುಕ್‌ಗಳಲ್ಲಿ ಕೊಡುವ ಸಲಹೆಯಿಂದ ಪಾಳಿಯಲ್ಲಿ ನಿಲ್ಲುವ ಹೊತ್ತು ನಿಜವಾಗಿ ಕಡಿಮೆ ಆಗುತ್ತಾ? ಸಲಹೆಗಳು ಎಲ್ಲ ಕಡೆ ಹೆಚ್ಚುಕಮ್ಮಿ ಅವೇ. ಗೇಟ್ ತೆಗೆಯುವ ಮೊದಲೇ ಹೋಗಿ ನಿಲ್ಲಿ, ಒಳಗೆ ಹೋದ ಕೂಡಲೇ ಎಲ್ಲಕ್ಕಿಂತ ಹಿಂದಿರುವ ರೈಡ್‌ಗೆ ಹೋಗಿ, ದೊಡ್ಡ ರೋಲರ್ ಕೋಸ್ಟರ್‌ಗಳನ್ನು ಮೊದಲ ತಾಸಿನಲ್ಲೇ ಮುಗಿಸಿ, ಎಲ್ಲರೂ ಊಟ ಮಾಡುವಾಗ ನೀವು ಊಟ ಮಾಡಬೇಡಿ, ವಾರದ ದಿನ ಹೋಗಿ.

ದೀಪಾವಳಿ ಆದಮೇಲೆ ಖೋಪೋಲಿಯ ಇಮ್ಯಾಜಿಕಾಗೆ ಹೋಗಿ ಬಂದೆವು. ನಮ್ಮೂರಿಂದ ಬೆಂಗಳೂರಿಗಿಂತ ಅದೇ ಹತ್ತಿರ, ಪುಣೆ ದಾಟಿದರೆ ಆಯ್ತು. ಆರೂ ಜನ ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದೆವು, 11 ರೈಡ್ ಆದವು, ಭಾಳ ಖುಷಿಯಲ್ಲಿ ವಾಪಸ್ ಬಂದು ವರದಿ ಬರೆದೆವು. ಮೇಡಂ ಓದಿ ಒಂದೇ ಮಾತು ಕೇಳಿದರು: "ಪುಸ್ತಕ ಓದದೇ ಹೋಗಿದ್ದರೆ ಎಷ್ಟು ರೈಡ್ ಆಗುತ್ತಿತ್ತು?" ನಮ್ಮ ಹತ್ತಿರ ಉತ್ತರ ಇರಲಿಲ್ಲ. 11 ಜಾಸ್ತಿನಾ ಕಡಿಮೆನಾ ಅಂತಲೇ ಗೊತ್ತಿಲ್ಲ.

ಇನ್ನೊಂದು ಸಲ ಹೋಗುವಷ್ಟು ದುಡ್ಡು ಹೊಂದಿಸಬಹುದು. ಈ ಸಲ ಬಿಡದಿಯ ವಂಡರ್‌ಲಾ ಅಂದುಕೊಂಡಿದ್ದೇವೆ, ರಾತ್ರಿ ರಾಣಿ ಚೆನ್ನಮ್ಮ ಹತ್ತಿದರೆ ಬೆಳಗ್ಗೆ ಬೆಂಗಳೂರು. ಒಂದೇ ದಿನ, ಆರೇ ಜನ. ಇಷ್ಟರಲ್ಲಿ ಸರಿಯಾದ ಪರೀಕ್ಷೆ ಆಗುತ್ತಾ? ದಯವಿಟ್ಟು ಹೇಳಿ.

ಗುಮ್ಮಟದ_ನೆರೆಯವ:

ತಂಗಿ, ನಿಮ್ಮ ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ವಿಜಯಪುರದಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತೇನೆ. ಪ್ರತಿ ವರ್ಷ ಹುಡುಗರು ಇದೇ ಕಡೆ ಎಡವುತ್ತಾರೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಆರು ಜನರನ್ನು ಮೂರು ಮೂರು ಮಾಡಿ. ಒಂದು ಗುಂಪು ಪುಸ್ತಕದ ಪ್ರಕಾರ ನಡೆಯಲಿ, ಇನ್ನೊಂದು ಪುಸ್ತಕ ನೋಡದ ಮಂದಿ ನಡೆಯುವ ಹಾಗೆ, ಅಂದರೆ ಗೇಟಿನಿಂದ ಮೊದಲು ಕಂಡ ರೈಡ್‌ನಿಂದ ಶುರು ಮಾಡಿ ದಾರಿ ಹೋದ ಹಾಗೆ ಹೋಗಲಿ. ಎರಡೂ ಗುಂಪು ಅದೇ ದಿನ, ಅದೇ ಪಾರ್ಕ್. ಬೇರೆ ಬೇರೆ ದಿನ ಹೋದರೆ ಜನಸಂದಣಿಯೇ ಬೇರೆ, ಹೋಲಿಕೆಗೆ ಅರ್ಥ ಇಲ್ಲ. ಯಾರು ಯಾವ ಗುಂಪು ಅನ್ನೋದನ್ನು ನಾಣ್ಯ ಹಾರಿಸಿ ನಿರ್ಧರಿಸಿ. ನೀವೇ ಆರಿಸಿದರೆ ಚುರುಕಾಗಿ ನಡೆಯುವವರು ಪುಸ್ತಕದ ಗುಂಪಿಗೆ ಸೇರಿಬಿಡುತ್ತಾರೆ, ಗೊತ್ತಿಲ್ಲದೇ ಆಗುತ್ತದೆ ಇದು. ಮತ್ತೆ ಎಷ್ಟು ರೈಡ್ ಆಯ್ತು ಅಂತ ಎಣಿಸಬೇಡಿ. ಪಾಳಿ ಇಲ್ಲದ ಸಣ್ಣ ರೈಡ್‌ನಲ್ಲಿ ಹತ್ತು ಸಲ ಕೂತರೂ ಎಣಿಕೆ ಏರುತ್ತದೆ, ಅಲ್ವಾ? ಹೋಗುವ ಮೊದಲೇ ಆರೋ ಎಂಟೋ ರೈಡ್ ಆರಿಸಿ ಬರೆದಿಡಿ, ಎರಡೂ ಗುಂಪು ಅವನ್ನೇ ಮುಗಿಸಬೇಕು. ಪಾಳಿಯಲ್ಲಿ ನಿಂತ ಒಟ್ಟು ನಿಮಿಷ ಎಷ್ಟು ಅನ್ನೋದೇ ನಿಮ್ಮ ಫಲಿತಾಂಶ.

ನಾವು ಇಂಥದ್ದನ್ನು ಗೋಳಗುಮ್ಮಟದಲ್ಲಿ ಮಾಡಿದ್ದೆವು. ಪಿಸುಮಾತಿನ ಗ್ಯಾಲರಿಗೆ ಬೆಳಗ್ಗೆ ಬೇಗ ಹೋಗಿ ಅಂತ ಎಲ್ಲ ಪ್ರವಾಸಿ ಪುಸ್ತಕಗಳೂ ಹೇಳುತ್ತವೆ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಒಬ್ಬ ಹುಡುಗ ಈ ಗೋಡೆಗೆ ಮುಖ ಮಾಡಿ ನೋಟ್‌ಬುಕ್ಕಿನ ಹಾಳೆ ಹರಿದ, ಎದುರು ಕೂತವಳು ಕೇಳಿಸಿದಾಗೆಲ್ಲ ಕೈ ಎತ್ತಿದಳು. ಬೆಳಗ್ಗೆ ಹತ್ತು ಸಲ ಹರಿದರೆ ಹತ್ತೂ ಸಲ ಕೈ ಎದ್ದಿತು. ಹನ್ನೊಂದಕ್ಕೆ ಶಾಲೆ ಮಕ್ಕಳು ಬಂದು ಕೂಗಲು ಶುರು ಮಾಡಿದ ಮೇಲೆ ಎರಡೇ ಸಲ. ಆದರೆ ಹನ್ನೊಂದಕ್ಕೆ ಕೂತಿದ್ದು ಬೇರೆ ಹುಡುಗಿ! ಕಿವಿ ಬೇರೆನೋ, ಗದ್ದಲ ಕಾರಣನೋ ಹೇಳೋಕೆ ಆಗಲಿಲ್ಲ. ಮರುದಿನ ಅವರನ್ನು ಅದಲು ಬದಲು ಮಾಡಿ ಮತ್ತೆ ಮಾಡಿದೆವು, ಆಗ ಗದ್ದಲವೇ ಕಾರಣ ಅಂತ ಖಾತ್ರಿ ಆಯಿತು. ನಿಮಗೆ ಒಂದೇ ದಿನ ಇರೋದರಿಂದ ನಾಣ್ಯ ಹಾರಿಸೋದು ಬಿಡಲೇಬೇಡಿ. ಒಂದು ದಿನದ ಫಲಿತಾಂಶವನ್ನು ಒಂದು ದಿನದ ಫಲಿತಾಂಶ ಅಂತಲೇ ವರದಿಯಲ್ಲಿ ಬರೆಯಿರಿ. ಯಾವ ಮೇಡಂ ಕೂಡ ಅದಕ್ಕೆ ಮಾರ್ಕ್ಸ್ ಕಡಿಮೆ ಮಾಡಲ್ಲ.

ಬಾದಾಮಿ_ಬಸು:

ಸರ್ ಹೇಳಿದ್ದಕ್ಕೆ ಪಾರ್ಕ್ ಒಳಗಿನ ಮಾತು ಸೇರಿಸುತ್ತೇನೆ. ನಾನು ಒಂದು ಪಾರ್ಕ್‌ನಲ್ಲಿ ಎರಡು ಸೀಸನ್ ರೈಡ್ ಆಪರೇಟರ್ ಆಗಿದ್ದೆ.

ಪಾಳಿಯ ಬಾಯಲ್ಲಿ ಇಷ್ಟು ನಿಮಿಷ ಅಂತ ಬೋರ್ಡ್ ಇದ್ದರೆ ಅದನ್ನು ನಿಮ್ಮ ಲೆಕ್ಕಕ್ಕೆ ತಗೋಬೇಡಿ. ಅದು ಅಂದಾಜು, ಸ್ವಲ್ಪ ಜಾಸ್ತಿನೇ ಹಾಕಿರುತ್ತಾರೆ, ಹೇಳಿದ್ದಕ್ಕಿಂತ ಬೇಗ ಹತ್ತಿದರೆ ಜನಕ್ಕೆ ಖುಷಿ. ನಿಮ್ಮದೇ ಗಡಿಯಾರ ಇಟ್ಟುಕೊಳ್ಳಿ. ಪಾಳಿಗೆ ಕಾಲಿಟ್ಟಾಗ ಒಂದು ಸಲ, ಸೀಟಿನ ಲಾಕ್ ಬಿದ್ದಾಗ ಒಂದು ಸಲ ಬರೆಯಿರಿ.

1961ರಲ್ಲಿ ಜಾನ್ ಲಿಟಲ್ ಅನ್ನುವವರು ಸಾಬೀತು ಮಾಡಿದ ಒಂದು ಸೂತ್ರ ಇದೆ, ಲಿಟಲ್ಸ್ ಲಾ ಅಂತಾರೆ. ಅದರ ಪ್ರಕಾರ, ಪಾಳಿಯಲ್ಲಿರುವ ಜನ ಅಂದರೆ ನಿಮಿಷಕ್ಕೆ ಹತ್ತುವ ಜನ ಗುಣಿಸು ಕಾಯುವ ನಿಮಿಷ. ಉದಾಹರಣೆಗೆ ಟ್ರೇನ್‌ನಲ್ಲಿ 20 ಸೀಟು ಇವೆ, ನಾಲ್ಕು ನಿಮಿಷಕ್ಕೊಂದು ಸಲ ಬಿಡುತ್ತಾರೆ ಅಂದುಕೊಳ್ಳಿ. ನಿಮಿಷಕ್ಕೆ 5 ಜನ. ಮುಂದೆ 100 ಜನ ಇದ್ದರೆ 20 ನಿಮಿಷ. ಆದರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್‌ನವರು ಬೇರೆ ದಾರಿಯಿಂದ ಬಂದು ನಿಮ್ಮ ಮುಂದೆ ಹತ್ತುತ್ತಾರೆ. ಅರ್ಧ ಸೀಟು ಅವರಿಗೆ ಹೋದರೆ ಅದೇ 100 ಜನಕ್ಕೆ 40 ನಿಮಿಷ. ದುಡ್ಡು ಕೊಟ್ಟ ಪಾಳಿಯನ್ನೂ ಒಬ್ಬರು ಎಣಿಸಬೇಕು.

ವಾರದ ದಿನ ಹೋಗಿ ಅನ್ನುವ ಸಲಹೆ ಇದೆಯಲ್ಲ, ಅದು ನಮ್ಮ ಕಡೆ ಡಿಸೆಂಬರ್‌ನಲ್ಲಿ ನಡೆಯಲ್ಲ. ಆಗ ಶಾಲಾ ಪ್ರವಾಸದ ಸೀಸನ್. ಮಂಗಳವಾರ ಖಾಲಿ ಅಂತ ಬಂದವರ ಮುಂದೆ ಒಂದೇ ಬಣ್ಣದ ಟಿ-ಶರ್ಟ್ ಹಾಕಿದ ಮಕ್ಕಳು ಬಸ್ಸುಗಟ್ಟಲೆ ಇಳಿಯುತ್ತಿದ್ದರು. ಮತ್ತೆ ನೀರಿನ ರೈಡ್‌ಗೆ ಬಟ್ಟೆ ಬದಲಿಸಬೇಕು, ಲಾಕರ್ ಹಿಡಿಯಬೇಕು, ಆ ಹೊತ್ತು ಯಾವ ಪುಸ್ತಕದಲ್ಲೂ ಸರಿಯಾಗಿ ಲೆಕ್ಕಕ್ಕೆ ಬರಲ್ಲ. ನೀವು ಅದಕ್ಕೊಂದು ಕಾಲಂ ಇಡಿ.

ನನ್ನ ಮಾತು ಕೇಳಿದರೆ, ಬಿಡದಿಗೆ ಹೋಗುವ ಮೊದಲು ಬನಶಂಕರಿ ಜಾತ್ರೆಗೆ ಬನ್ನಿ. ಬನದ ಹುಣ್ಣಿಮೆಗೆ ತೇರು, ಆಮೇಲೂ ವಾರಗಟ್ಟಲೆ ಜಾತ್ರೆ ಇರುತ್ತದೆ. ದೊಡ್ಡ ತೊಟ್ಟಿಲು, ಕೊಲಂಬಸ್, ಎಲ್ಲಾ ಬಂದಿರುತ್ತವೆ. ಎಣಿಸೋದು, ಬರೆಯೋದು ಅಲ್ಲೇ ರೂಢಿ ಮಾಡಿಕೊಳ್ಳಿ. ಖರ್ಚು ಕಡಿಮೆ, ರೊಟ್ಟಿ ಊಟವೂ ಆಗುತ್ತದೆ.

ನವನಗರದ_ಅಕ್ಕ:

ನಾನು ಬಾಗಲಕೋಟೆಯಿಂದ. ಮಗಳ ಮನೆಗೆ ಹೋದಾಗ 2018ರಲ್ಲಿ ಫ್ಲೋರಿಡಾದ ಡಿಸ್ನಿ ಪಾರ್ಕ್ ನೋಡಿದ್ದೆ. ಪಾಳಿಗೆ ಸೇರುವಾಗ ಒಬ್ಬ ಹುಡುಗ ನನ್ನ ಕೈಗೆ ಕುತ್ತಿಗೆ ದಾರ ಇದ್ದ ಒಂದು ಕೆಂಪು ಕಾರ್ಡ್ ಕೊಟ್ಟ. ಇದನ್ನು ಮುಂದೆ ಇರುವವರ ಕೈಗೆ ಕೊಡಿ ಅಂದ, ಅಷ್ಟೇ. ನಾನು ಏನೋ ತಪ್ಪಾಯಿತು ಅಂದುಕೊಂಡು ಗಟ್ಟಿ ಹಿಡಿದು ನಿಂತೆ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅವರು ಹಾಗೆ ಅಳೆಯುತ್ತಾರಂತೆ, ಮಗಳು ಆಮೇಲೆ ಹೇಳಿದಳು. ನೀವೂ ಹಾಗೇ ಒಂದು ಚೀಟಿ ಇಟ್ಟುಕೊಂಡು ಮಾಡಬಹುದಲ್ಲ?

ಪುಸ್ತಕ ಯಾವ ವರ್ಷದ್ದು ಅಂತಲೂ ನೋಡು ಮಗಳೇ. ಅಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ಅಂತ ಪುಕ್ಕಟೆ ಪಾಸ್ ಶುರು ಮಾಡಿದ್ದರು, ನಾನು ಹೋದಾಗಲೂ ಪುಕ್ಕಟೆನೇ ಇತ್ತು. 2021ರಲ್ಲಿ ಅದನ್ನು ನಿಲ್ಲಿಸಿ ದುಡ್ಡು ಕೊಡುವ ಹಾಗೆ ಮಾಡಿದರು. ಹಳೆ ಪುಸ್ತಕದ ಯುಕ್ತಿ ಈಗ ನಡೆಯಲ್ಲ. ಮತ್ತೆ ಸುಮ್ನೆ ಹಿಂದಿನ ರೈಡ್‌ನಿಂದ ಶುರು ಮಾಡಿ ಅನ್ನುತ್ತಾರೆ, ನನ್ನ ಮೊಣಕಾಲಿಗೆ ಆ ನಡಿಗೆಯೇ ಅರ್ಧ ದಿನದ ದಣಿವು. ನಡೆದ ನಿಮಿಷವನ್ನೂ ಬರೆಯಿರಿ. ಪಾಳಿಯಲ್ಲಿ ಹತ್ತು ನಿಮಿಷ ಉಳಿದು ನಡಿಗೆಯಲ್ಲಿ ಹದಿನೈದು ಹೋದರೆ ಏನು ಉಳಿದ ಹಾಗಾಯಿತು?

ಟಿಳಕವಾಡಿ_ಹುಡುಗಿ:

ಜಾತ್ರೆಗೆ ಹೋಗಿ ಬಂದೆವು! ಬಸು ಅಣ್ಣಾ, ತುಂಬಾ ಉಪಕಾರ ಆಯ್ತು. ನಾಲ್ಕು ಜನ ಹೋಗಿದ್ದೆವು, ಇಬ್ಬರು ತೊಟ್ಟಿಲಿನ ಪಾಳಿಯಲ್ಲಿ, ಇಬ್ಬರು ಎದುರಿನ ಬಳೆ ಅಂಗಡಿ ಹತ್ತಿರ ನಿಂತು ಎಣಿಸಿದೆವು. ಸಂಜೆ ಸೂತ್ರ ಹಾಕಿದಾಗ 14 ನಿಮಿಷ ಬಂತು, ನಿಜವಾಗಿ ಆದದ್ದು 22. ಎಲ್ಲಿ ತಪ್ಪಿದೆವು ಅಂತ ಗೊತ್ತಾಗದೆ ಮತ್ತೆ ನಿಂತು ನೋಡಿದೆವು. ಜನ ಕಡಿಮೆ ಇದ್ದಾಗ ತೊಟ್ಟಿಲಿನವರು ಎಲ್ಲ ಬುಟ್ಟಿ ತುಂಬುವ ತನಕ ಬಿಡುತ್ತಲೇ ಇರಲಿಲ್ಲ, ಬಿಟ್ಟ ಮೇಲೆ ಸುತ್ತೂ ಜಾಸ್ತಿ ತಿರುಗಿಸುತ್ತಿದ್ದರು. ರಾತ್ರಿ ಎಂಟರ ನಂತರ ಪಾಳಿ ಬೆಳೆದಾಗ ಸುತ್ತು ಕಡಿಮೆ ಮಾಡಿ ಬೇಗ ಬೇಗ ಇಳಿಸಿದರು. ಅಂದರೆ ಪಾಳಿ ಉದ್ದ ಆದ ಹಾಗೆ ಪಾಳಿಯ ವೇಗವೂ ಬದಲಾಗುತ್ತದೆ. ನಾವು ಅದನ್ನು ಒಂದೇ ಸಮ ಅಂದುಕೊಂಡಿದ್ದೆವು.

ಅಕ್ಕಾರೆ, ನಡಿಗೆಯ ಕಾಲಂ ಹಾಕಿದ್ದೇವೆ. ಸರ್, ನಾಣ್ಯ ಮೇಡಂ ಮುಂದೆಯೇ ಹಾರಿಸುತ್ತೇವೆ. ಅಣ್ಣಾ, ಪಾರ್ಕ್‌ನಲ್ಲೂ ವೇಗ ಹೀಗೇ ಬದಲಾಗುತ್ತಾ?

ಬಾದಾಮಿ_ಬಸು:

ಬದಲಾಗುತ್ತದೆ ತಂಗಿ, ಒಳ್ಳೆ ಕಡೆ ಕಣ್ಣು ಹಾಯಿಸಿದ್ದೀರಿ. ಪಾರ್ಕ್‌ನಲ್ಲಿ ಸುತ್ತು ಕಡಿಮೆ ಮಾಡಲ್ಲ, ಟ್ರೇನ್ ಜಾಸ್ತಿ ಮಾಡುತ್ತಾರೆ. ಎರಡು ಟ್ರೇನ್ ಇರುವ ಕೋಸ್ಟರ್‌ನಲ್ಲಿ ಬೆಳಗ್ಗೆ ಜನ ಇಲ್ಲ ಅಂತ ಒಂದನ್ನೇ ಓಡಿಸುವುದುಂಟು, ಜನ ಬಂದ ಮೇಲೆ ಎರಡನೆಯದನ್ನು ಹಳಿಗೆ ತರುತ್ತಾರೆ. ಹಾಗಾದಾಗ ಗೇಟ್ ತೆಗೆದ ಕೂಡಲೇ ಓಡಿ ಬಂದವರಿಗೆ ಸಿಗುವ ಲಾಭ ಪುಸ್ತಕದಲ್ಲಿ ಹೇಳಿದಷ್ಟು ಇರಲ್ಲ. ಪಾಳಿಗೆ ಸೇರುವಾಗ ಎಷ್ಟು ಟ್ರೇನ್ ಓಡುತ್ತಿವೆ ನೋಡಿ, ಸಮಯದ ಪಕ್ಕದಲ್ಲೇ 1 ಇಲ್ಲವೇ 2 ಅಂತ ಬರೆಯಿರಿ. ಪ್ಲಾಟ್‌ಫಾರ್ಮ್ ಹತ್ತಿರ ಬಂದಾಗ ಆಪರೇಟರ್‌ನ ಕೇಳಿದರೂ ಹೇಳುತ್ತಾರೆ, ಆದರೆ ಲಾಕ್ ಚೆಕ್ ಮಾಡುವಾಗ ಮಾತ್ರ ಮಾತಾಡಿಸಬೇಡಿ.