ಅಲ್ಯೂಮಿನಿಯಂ ಡಬ್ಬಿ ಮೇಲೆ ಪೇಂಟ್ ನಿಲ್ಲುತ್ತಿಲ್ಲ, ಪ್ರೈಮರ್ ಸಮೇತ ಏಳುತ್ತಿದೆ

ಪ್ರಶ್ನೆ:
ನಮಸ್ಕಾರ. ಆಂಪ್ಲಿಫಯರ್‌ಗೆ ಅಂತ 2 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ ಡಬ್ಬಿ ಮಾಡಿದ್ದೇನೆ. ತಿನ್ನರ್ ಹಾಕಿ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಕಪ್ಪು ಮ್ಯಾಟ್ ಸ್ಪ್ರೇ ಹೊಡೆದೆ. ಈಗ ಸ್ಕ್ರೂ ಬಿಗಿ ಮಾಡಿದರೆ ತೂತಿನ ಸುತ್ತ ಹಾಳೆಯಂತೆ ಸುಲಿಯುತ್ತದೆ. ಕೆಳಗೆ ಲೋಹ ಫಳಫಳ ಅಂತಿದೆ. ಬೇರೆ ಪೇಂಟ್ ತರಬೇಕಾ?

ಉತ್ತರ:
ಪೇಂಟಿನ ತಪ್ಪಲ್ಲ ಸರ್. ಕೆಳಗೆ ಲೋಹ ಫಳಫಳ ಅಂದರೆ ಪ್ರೈಮರ್ ಲೋಹವನ್ನು ಹಿಡಿದೇ ಇಲ್ಲ. ರೆಡ್ ಆಕ್ಸೈಡ್ ಇರುವುದು ಕಬ್ಬಿಣಕ್ಕೆ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ತೆಳು ಆಕ್ಸೈಡ್ ಪದರ ಕೂರುತ್ತದೆ. ನುಣುಪಾದ ಶೀಟಿನಲ್ಲಿ ಪ್ರೈಮರ್‌ಗೆ ಹಿಡಿತವೇ ಸಿಗುವುದಿಲ್ಲ.

ಹಳೆಯದನ್ನು ಪೂರ್ತಿ ತೆಗೆಯಿರಿ. ಮೊದಲು ಜಿಡ್ಡು, ಆಮೇಲೆ ಉಜ್ಜುವುದು. ಈ ಕ್ರಮ ತಿರುಗಿಸಬೇಡಿ, ಇಲ್ಲದಿದ್ರೆ ಎಣ್ಣೆಯನ್ನು ಗೀರುಗಳ ಒಳಗೇ ತುಂಬಿದ ಹಾಗಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಒಂದೇ ಬಟ್ಟೆಯಲ್ಲಿ ಉಜ್ಜುತ್ತಾ ಹೋದರೆ ಜಿಡ್ಡು ಹರಡುತ್ತದೆ ಅಷ್ಟೇ, ಬಟ್ಟೆ ಬದಲಿಸುತ್ತಿರಿ. ನಂತರ 320 ನಂಬರ್ ಎಮರಿ ಪೇಪರ್‌ನಲ್ಲಿ ಹೊಳಪು ಸಾಯುವ ತನಕ ಉಜ್ಜಿ. ಸ್ಟೀಲ್ ವುಲ್ ಬೇಡವೇ ಬೇಡ. ಅದರ ಕಬ್ಬಿಣದ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಮುಂದೆ ತುಕ್ಕು ಕಾಣಿಸುತ್ತದೆ.

ಈಗ ಮೇಲೆ ಸ್ವಲ್ಪ ನೀರು ಸುರಿದು ನೋಡಿ. ಒಂದೇ ಹಾಳೆಯಂತೆ ಹರಡಿ ನಿಂತರೆ ಸರಿ. ಎಲ್ಲಾದರೂ ಹನಿಯಾಗಿ ಒಡೆದು ಹಿಂದೆ ಸರಿದರೆ ಅಲ್ಲಿ ಇನ್ನೂ ಜಿಡ್ಡಿದೆ, ಮತ್ತೆ ತೊಳೆಯಿರಿ. ಈ ಒಂದು ಪರೀಕ್ಷೆ ಬಿಡಬೇಡಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಪೂರ್ತಿ ಒಣಗಿಸಿ ಅವತ್ತೇ ಸೆಲ್ಫ್ ಎಚ್ (self-etch) ಪ್ರೈಮರ್ ಹೊಡೆಯಿರಿ. ಅದರಲ್ಲಿರುವ ಆಸಿಡ್ ಲೋಹವನ್ನು ಸ್ವಲ್ಪ ಕೊರೆದು ಹಿಡಿಯುತ್ತದೆ. ತೆಳುವಾಗಿರಲಿ, ಜಾಸ್ತಿ ದಪ್ಪ ಆದರೆ ಅದೇ ಏಳುತ್ತದೆ. ಬಯಲಿನಲ್ಲಿ, ಪೇಂಟ್ ಆವಿ ತಡೆಯುವ ಮಾಸ್ಕ್ ಹಾಕಿಕೊಂಡೇ ಮಾಡಿ. ಬಟ್ಟೆ ಮಾಸ್ಕ್ ಸಾಲದು.

ಪ್ರಶ್ನೆ:
ತುಂಬಾ ಥ್ಯಾಂಕ್ಸ್ ಸರ್. ಜಿಡ್ಡಿಗೆ ಕಾಸ್ಟಿಕ್ ಸೋಡಾ ಆಗುತ್ತಾ? ಮನೆಯಲ್ಲಿದೆ.

ಉತ್ತರ:
ಬೇಡ. ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಹೈಡ್ರೋಜನ್ ಬೇರೆ ಬಿಡುತ್ತದೆ. ಇನ್ನೊಂದು ಮುಖ್ಯ ಮಾತು: ಅರ್ತ್ ಸ್ಕ್ರೂ ಕೂರುವ ಜಾಗಕ್ಕೆ ಪ್ರೈಮರ್‌ಗೂ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ. ಪೇಂಟ್ ಕೂತರೆ ಅರ್ತ್ ಸರಿಯಾಗಿ ತಾಗುವುದಿಲ್ಲ, ಮೇನ್ಸ್ ಇರುವ ಡಬ್ಬಿಯಲ್ಲಿ ಅದು ಜೀವಕ್ಕೆ ಅಪಾಯ. ಜೋಡಿಸಿದ ಮೇಲೆ ಮಲ್ಟಿಮೀಟರ್‌ನಲ್ಲಿ ಪ್ಲಗ್ಗಿನ ಅರ್ತ್ ಪಿನ್ನಿಂದ ಡಬ್ಬಿಯ ಪ್ರತಿ ಪ್ಯಾನೆಲ್‌ಗೂ ಕಂಟಿನ್ಯುಟಿ (ಕರೆಂಟ್ ಹರಿಯಲು ಕಡಿಯದ ಸಂಪರ್ಕ) ಇದೆಯಾ ನೋಡಿ, ಪ್ಲಗ್ ಸಾಕೆಟ್‌ಗೆ ಹಾಕದೆ.