ಮೌಲ್ಯ ಶಿಕ್ಷಣದ ಪಿರಿಯಡ್‌: ಮಕ್ಕಳ ಪ್ರಶ್ನೆಗೂ ಗ್ರೇಡ್ ಹಾಕಬೇಕಾ?

ಐದನೇ ಕ್ಲಾಸ್ ಮಿಸ್

ಎಲ್ಲರಿಗೂ ನಮಸ್ಕಾರ. ಈ ವರ್ಷ ವಾರಕ್ಕೊಂದು ಮೌಲ್ಯ ಶಿಕ್ಷಣದ ಪಿರಿಯಡ್ ನನ್ನ ಪಾಲಿಗೆ ಬಂದಿದೆ. ಪುಸ್ತಕದಲ್ಲಿ ಒಂದು ನೀತಿಕಥೆ, ಕೆಳಗೆ ನಾಲ್ಕು ಪ್ರಶ್ನೆ, ಕೊನೆಗೆ ಗ್ರೇಡ್. 'ಈ ಕಥೆಯಿಂದ ಏನು ಕಲಿತಿರಿ?' ಅಂದರೆ ಸಾಕು, ಇಡೀ ಕ್ಲಾಸು ಒಂದೇ ರಾಗದಲ್ಲಿ 'ಸುಳ್ಳು ಹೇಳಬಾರದು ಮಿಸ್' ಅನ್ನುತ್ತದೆ. ಕೆಲವರಿಗೆ ಕಥೆ ಮುಗಿಯುವ ಮೊದಲೇ ಉತ್ತರ ರೆಡಿ. ಏನು ಹೇಳಿದರೆ ಮಿಸ್‌ಗೆ ಖುಷಿಯಾಗುತ್ತದೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು.

ಮೊನ್ನೆ ನೋಟ್ಸ್ ತಿದ್ದುವಾಗ ಒಬ್ಬಳ ಗಣಿತದ ಪುಸ್ತಕದ ಕೊನೇ ಪುಟದಲ್ಲಿ, ಭಾಗಾಕಾರದ ರಫ್ ವರ್ಕ್ ಪಕ್ಕ, ಪೆನ್ಸಿಲ್‌ನಲ್ಲಿ ಚಿಕ್ಕದಾಗಿ ಬರೆದಿತ್ತು: 'ನಾನು ಹುಟ್ಟದೇ ಇದ್ದಿದ್ರೆ ಇಲ್ಲಿ ಯಾರು ಕೂರ್ತಿದ್ರು? ಅವರೂ ನಾನೇ ನಾನು ಅಂದ್ಕೋತಿದ್ರಾ?' ಕೆಳಗೆ ಒಂದು ಬೆಂಚಿನ ಚಿತ್ರ. ಬೆಂಚಿಗೆ ಮೂರೇ ಕಾಲು.

ಇಂಥ ಪ್ರಶ್ನೆಗೆ ನನ್ನ 40 ನಿಮಿಷದಲ್ಲಿ ಜಾಗ ಮಾಡೋದು ಹೇಗೆ? ಉಪದೇಶ ಬೇಡ. ಮಕ್ಕಳ ಮನೆಗಳ ನಂಬಿಕೆ ಬೇರೆ ಬೇರೆ, ಹಾಗಾಗಿ ದೇವರ ಕಥೆ ಹೇಳಿ ಮುಗಿಸೋಕೂ ಆಗಲ್ಲ. ದಯವಿಟ್ಟು ಧ್ಯಾನ ಮಾಡಿಸಿ ಅನ್ನಬೇಡಿ. ಕಣ್ಣು ಮುಚ್ಚಿ ಅಂದರೆ ಅರ್ಧ ಮಕ್ಕಳು ಒಂದೇ ಕಣ್ಣು ಮುಚ್ಚುತ್ತಾರೆ. ಮತ್ತೆ ಈ ಗ್ರೇಡ್ ಏನು ಮಾಡಲಿ?

ಲೆಕ್ಕದ ಮೇಷ್ಟ್ರು

ಮೇಡಂ, ಬೇಜಾರು ಮಾಡ್ಕೋಬೇಡಿ. ಭಾಗಾಕಾರ ಸರಿ ಇತ್ತಾ? ಇದೆಲ್ಲ ಮನೆಯಲ್ಲಿ ಆಗಬೇಕಾದ್ದು. ಸ್ಕೂಲಿನವರು ಮಗುವಿನ ಮನಸ್ಸಿಗೆ ಕೈ ಹಾಕಿದರೆ ಕೊನೆಗೆ ಯಾರೋ ದೊಡ್ಡವರ ಅಭಿಪ್ರಾಯವೇ ಅದರ ತಲೆಗೆ ಹೋಗೋದು.

ರಿಟೈರ್ಡ್ ಟೀಚರ್

ಮೇಷ್ಟ್ರ ಭಯದಲ್ಲಿ ಅರ್ಥವಿದೆ. ಆದರೆ ಮನೆಯಲ್ಲೂ ಇದಕ್ಕೆ ಪುರುಸೊತ್ತು ಇರೋದು ಕಮ್ಮಿ, ಅಲ್ವಾ? ನಾನು ಬಹಳ ವರ್ಷ ಪ್ರೈಮರಿಗೆ ಪಾಠ ಮಾಡಿದವಳು. ನಿಮಗೆ ಹೊಸ ಪಾಠ ಬೇಡ ಮೇಡಂ, ಪಾಠದ ಮಧ್ಯೆ ಸ್ವಲ್ಪ ಬಿಡುವು ಬೇಕು.

ಮೇರಿ ಬಡ್ ರೋ ಅಂತ ಅಮೆರಿಕದ ಸಂಶೋಧಕಿ 1970ರ ಆಸುಪಾಸಿನಲ್ಲಿ ಕ್ಲಾಸ್‌ರೂಮುಗಳ ಮಾತನ್ನು ಟೇಪ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡಿದರು, ಮಕ್ಕಳೇ ಕೇಳುವ ಪ್ರಶ್ನೆಗಳು ಜಾಸ್ತಿಯಾದವು. 3 ಸೆಕೆಂಡು ಏನು ಮಹಾ ಅನ್ನಿಸುತ್ತದೆ. ಕ್ಲಾಸಿನಲ್ಲಿ ಸುಮ್ನೆ ನಿಂತು ನೋಡಿ, ಬೆವರು ಬರುತ್ತದೆ.

ಇನ್ನೊಂದು, ಮ್ಯಾಥ್ಯೂ ಲಿಪ್‌ಮನ್ ಅವರ ದಾರಿ. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದವರು. ಮಕ್ಕಳೊಂದಿಗೆ ತತ್ವಶಾಸ್ತ್ರ ಮಾಡೋಕೆ ಅಂತಲೇ 1974ರಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಸಂಸ್ಥೆ ಶುರು ಮಾಡಿದರು. ಎಲ್ಲರೂ ವೃತ್ತವಾಗಿ ಕೂತು ಒಂದು ಸಣ್ಣ ಕಥೆಯನ್ನು ಸರದಿಯಲ್ಲಿ ಓದೋದು. ಆಮೇಲೆ ಪ್ರಶ್ನೆ ಕೇಳೋದು ಮಕ್ಕಳ ಕೆಲಸ. ಪ್ರತಿ ಪ್ರಶ್ನೆಯನ್ನೂ ಬೋರ್ಡ್ ಮೇಲೆ ಬರೆದು, ಪಕ್ಕದಲ್ಲಿ ಕೇಳಿದ ಮಗುವಿನ ಹೆಸರು ಬರೆಯಬೇಕು. ಆ ಹೆಸರಿನಲ್ಲೇ ಎಲ್ಲ ಇದೆ. ಮಗು ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. 'ಅಂದ್ರೆ ನೀನು ಹೇಳೋದು...' ಅಂತ ಶುರು ಮಾಡಿದರೆ ಅದು ನಿಮ್ಮ ಪ್ರಶ್ನೆ ಆಗಿಬಿಡುತ್ತದೆ.

ನಿಮ್ಮ ನೀತಿಕಥೆಯನ್ನೇ ಇಟ್ಟುಕೊಳ್ಳಿ, ಕೆಳಗಿನ ನಾಲ್ಕು ಪ್ರಶ್ನೆ ಮಾತ್ರ ಬಿಡಿ. ನನ್ನ ಕ್ಲಾಸಿನ ಒಬ್ಬ ಹುಡುಗ ಇಂಥದ್ದೇ ಕಥೆಗೆ 'ಸುಳ್ಳು ಹೇಳಿದ್ದು ಯಾರಿಗೂ ಗೊತ್ತಾಗದಿದ್ರೆ ಅದು ಎಲ್ಲಿರುತ್ತೆ?' ಅಂದಿದ್ದ. ಪಿರಿಯಡ್ ಪೂರ್ತಿ ಅದರ ಮೇಲೇ ಹೋಯಿತು. ಯಾರೋ 'ಹೊಟ್ಟೇಲಿ' ಅಂದರು, ಯಾರೂ ನಗಲಿಲ್ಲ.

ಒಂದೇ ಎಚ್ಚರಿಕೆ. ಯಾರಿಗೂ 'ವೆರಿ ಗುಡ್' ಅನ್ನಬೇಡಿ. ಅಂದ ತಕ್ಷಣ ಮಿಕ್ಕವರೆಲ್ಲ ಆ ಉತ್ತರದ ಹಿಂದೆ ಕ್ಯೂ ನಿಲ್ಲುತ್ತಾರೆ. 'ಇನ್ನೂ ಸ್ವಲ್ಪ ಹೇಳು' ಅಂದರೆ ಸಾಕು.

ಆ ಹುಡುಗಿಯ ಬರಹವನ್ನು ಮಾತ್ರ ಅವಳನ್ನು ಕೇಳದೆ ಕ್ಲಾಸಿನಲ್ಲಿ ಓದಬೇಡಿ. ಅವಳು ಅದನ್ನು ಕೊನೇ ಪುಟದಲ್ಲಿ ಬರೆದಿದ್ದಾಳೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲೇ 'ನಿನಗೇನನ್ನಿಸುತ್ತೆ?' ಅಂತ ಬರೆದು ವಾಪಸ್ ಕೊಡಿ.

ಇಬ್ಬರು ಮಕ್ಕಳ ಅಮ್ಮ

ಟೀಚರ್ ಹೇಳಿದ್ದು ಒಪ್ಪಿದೆ, ಆದರೆ ಬರೀ ಮಾತಿನಿಂದ ಆಗುತ್ತಾ? ನಾನು ಇರೋದರಿಂದ ಯಾರಿಗೋ ಏನೋ ಆಗುತ್ತೆ ಅನ್ನೋದು ಮಗುವಿಗೆ ಕೆಲಸದಲ್ಲಿ ಗೊತ್ತಾಗಬೇಕು. ನನ್ನ ದೊಡ್ಡ ಮಗಳಿಗೆ ಸ್ಕೂಲಿನಲ್ಲಿ ಹರಿದ ಲೈಬ್ರರಿ ಪುಸ್ತಕ ಅಂಟಿಸೋ ಕೆಲಸ ಕೊಟ್ಟಿದ್ದಾರೆ. ಮೌಲ್ಯ ಶಿಕ್ಷಣದ ಪುಸ್ತಕ ಎಲ್ಲಿದೆ ಅಂತ ಅವಳಿಗೇ ಗೊತ್ತಿಲ್ಲ. ಜ್ವರ ಬಂದ ದಿನ ಮಾತ್ರ 'ಒಂದನೇ ಕ್ಲಾಸಿನವರ ಡೈನೋಸಾರ್ ಪುಸ್ತಕ ಇನ್ನೂ ಒಣಗಿಲ್ಲ, ನಾನು ಹೋಗಲೇಬೇಕು' ಅಂತ ಹಟ ಹಿಡಿದಳು.

ಯಾನುಷ್ ಕೊರ್ಚಾಕ್ ಬಗ್ಗೆ ಓದಿ. ಪೋಲೆಂಡಿನ ಡಾಕ್ಟರ್. 1912ರಿಂದ ವಾರ್ಸಾದಲ್ಲಿ ಅನಾಥಾಶ್ರಮ ನಡೆಸಿದರು. ಅಲ್ಲಿ ಮಕ್ಕಳದೇ ನ್ಯಾಯಾಲಯ ಇತ್ತು, ನ್ಯಾಯಾಧೀಶರೂ ಮಕ್ಕಳೇ. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. ಕೊರ್ಚಾಕ್ ಸ್ವತಃ ಅಲ್ಲಿ ವಿಚಾರಣೆ ಎದುರಿಸಿದ್ದಾರೆ!

ಲೆಕ್ಕದ ಮೇಷ್ಟ್ರು

ಮೇಷ್ಟ್ರ ಮೇಲೆ ದೂರು ಕೊಡೋದು ನಮ್ಮ ಕ್ಲಾಸಿಗೆ ಗೊತ್ತಾಗದಿರಲಿ. ಆದರೆ ಬೋರ್ಡ್ ಮೇಲೆ ಪ್ರಶ್ನೆ ಜೊತೆ ಹೆಸರು ಬರೆಯೋದು ಗಣಿತಕ್ಕೂ ಆಗುತ್ತೆ. ಸೋಮವಾರ ನೋಡ್ತೀನಿ.

ಐದನೇ ಕ್ಲಾಸ್ ಮಿಸ್

ಎಲ್ಲರಿಗೂ ಥ್ಯಾಂಕ್ಸ್. ಅವಳನ್ನು ಕೇಳಿದೆ. ಪ್ರಶ್ನೆ ಬೋರ್ಡ್ ಮೇಲೆ ಬರೀಬಹುದಂತೆ, ಹೆಸರು ಬೇಡವಂತೆ. ಭಾಗಾಕಾರದಲ್ಲಿ ಶೇಷ ತಪ್ಪಿತ್ತು ಸರ್. ಆದರೆ ಗ್ರೇಡ್ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಏನು ಮಾಡಲಿ?

ರಿಟೈರ್ಡ್ ಟೀಚರ್

ಎಲ್ಲರಿಗೂ ಒಂದೇ ಗ್ರೇಡ್ ಹಾಕಿ. ಸುಮ್ನೆ ಹೇಳ್ತಿಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು ಚಿತ್ರ ಬರೆಯೋದು ಅಂದರೆ ಇಷ್ಟ ಇದ್ದ ಪುಟ್ಟ ಮಕ್ಕಳಿಗೆ 'ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ' ಅಂದು ನೋಡಿದರು. ವಾರ ಎರಡು ವಾರ ಬಿಟ್ಟು ನೋಡಿದಾಗ ಆ ಮಕ್ಕಳು ಬಹುಮಾನದ ಮಾತೇ ಕೇಳದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಪ್ರಶ್ನೆ ಕೇಳೋಕೂ ಗ್ರೇಡ್ ಕೊಟ್ಟರೆ ಪ್ರಶ್ನೆಯೂ ಗ್ರೇಡಿಗೇ ಬರುತ್ತದೆ.

ಷರಾ ಜಾಗದಲ್ಲಿ ಮಾತ್ರ ಬೇರೆ ಬೇರೆ ಬರೆಯಿರಿ. 'ಉತ್ತಮ, ಮುಂದುವರಿಸಿ' ಬೇಡ. ಆ ಮಗು ಈ ಟರ್ಮ್‌ನಲ್ಲಿ ಕೇಳಿದ ಒಂದು ಪ್ರಶ್ನೆ, ಅದರ ಮಾತಿನಲ್ಲೇ. ಅಪ್ಪ ಅಮ್ಮನಿಗೆ ತೋರಿಸುವ ಮೊದಲು ಮಗುವಿಗೆ ತೋರಿಸಿ, ಬೇಡ ಅಂದರೆ ಬೇರೆ ಪ್ರಶ್ನೆ ಆರಿಸಲಿ.