ಪದಚರ್ಚೆ: ‘ಎದೆಗೆ ಪಾಪ ಅವುಚಿಕೊಂಡಳು’ ಅಂದರೆ ಯಾವ ಪಾಪ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದದ ಬಗ್ಗೆ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ಅದು ನಾಲ್ಕೈದು ಪದ ಆಗಿಬಿಟ್ಟಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ನನ್ನ ಅಕ್ಕನ ಮಗಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ನಥಾನಿಯಲ್ ಹಾಥಾರ್ನ್ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ ಅವಳಿಗೆ ಪಠ್ಯ. 1850ರಲ್ಲಿ ಬಂದ ಕಾದಂಬರಿ. “ಚಿಕ್ಕಮ್ಮ, ಒಂದೊಂದು ವಾಕ್ಯ ಅರ್ಧ ಪುಟ ಇದೆ, ತಲೆಗೆ ಹೋಗ್ತಿಲ್ಲ. ನೀವು ಕನ್ನಡದಲ್ಲಿ ಕಥೆ ಹೇಳಿ” ಎಂದಳು. ಅವರೆಕಾಯಿ ಬಿಡಿಸುತ್ತಾ ಶುರು ಮಾಡಿದೆ. ನಮ್ಮಮ್ಮನೂ ಅಲ್ಲೇ ಕೂತು ಬಿಡಿಸುತ್ತಿದ್ದರು.

ಕಥೆ 1640ರ ದಶಕದ ಬಾಸ್ಟನ್‌ನದು. ಇಂಗ್ಲೆಂಡ್ ಬಿಟ್ಟು ಬಂದ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರ ಊರು. ಹೆಸ್ಟರ್ ಪ್ರಿನ್ ಎಂಬ ಹೆಂಗಸನ್ನು ಗಂಡ ಮೊದಲು ಕಳಿಸಿದ್ದಾನೆ, ಅವನು ಬಂದೇ ಇಲ್ಲ. ಎರಡು ವರ್ಷ ಸುದ್ದಿಯಿಲ್ಲ. ಅಷ್ಟರಲ್ಲಿ ಅವಳಿಗೊಂದು ಮಗು. ತಂದೆ ಯಾರು ಅಂದರೆ ಬಾಯಿ ಬಿಡುವುದಿಲ್ಲ. ಊರ ಹಿರಿಯರ ತೀರ್ಪು: ಸಂತೆ ಜಾಗದಲ್ಲಿ ಮೂರು ಗಂಟೆ ಎಲ್ಲರ ಮುಂದೆ ನಿಲ್ಲಬೇಕು, ಬದುಕಿರುವ ತನಕ ಎದೆಯ ಮೇಲೆ ಕೆಂಪು ಬಟ್ಟೆಯ ‘ಎ’ ಅಕ್ಷರ ಹೊತ್ತಿರಬೇಕು.

“ಜೈಲಿನ ಬಾಗಿಲು ತೆಗೀತು. ಎದೆಗೆ ಪಾಪ ಅವುಚಿಕೊಂಡು ಹೊರಗೆ ಬಂದಳು” ಎಂದೆ.

“ಅಯ್ಯೋ ಪಾಪ!” ಎಂದರು ಅಮ್ಮ.

“ಯಾವ ಪಾಪ ಚಿಕ್ಕಮ್ಮ? ಮಗುವಾ, ಮಾಡಿದ್ದಾ?” ಎಂದಳು ಹುಡುಗಿ.

ನಾನು ಅವರೆಕಾಯಿ ಕೆಳಗಿಟ್ಟೆ. ಮೂರು ಜನ, ಮೂರು ಪಾಪ. ಆ ಕ್ಷಣದಿಂದ ಇದು ತಲೆಯಲ್ಲಿ ಕೊರೆಯುತ್ತಿದೆ.

ನಮ್ಮ ಹಳೇ ಮೈಸೂರು ಕಡೆ ಮಗುವನ್ನು ಪಾಪ, ಪಾಪು ಅನ್ನುತ್ತೇವೆ. ಉತ್ತರ ಕರ್ನಾಟಕದವರು ಕೂಸು ಅಂತೀರಿ, ನಿಮಗೆ ಈ ಗೊಂದಲ ಇರಲಿಕ್ಕಿಲ್ಲ. ಮಾಡುವ ಪಾಪ ಸಂಸ್ಕೃತದಿಂದ ಬಂದದ್ದು. ಎತ್ತಿಕೊಳ್ಳುವ ಪಾಪ ನಮ್ಮ ಕಡೆಯ ಮಾತು. ತಮಿಳಿನಲ್ಲಿ ಪಾಪ್ಪಾ, ತೆಲುಗಿನಲ್ಲಿ ಪಾಪ ಇದೆಯಲ್ಲ, ಅದೇ ಗುಂಪು. ಎರಡಕ್ಕೂ ನಂಟಿಲ್ಲ. ಕಿವಿಗೆ ಮಾತ್ರ ಒಂದೇ. ‘ಅಯ್ಯೋ ಪಾಪ’ದ ಪಾಪ ಮೊದಲನೆಯದರ ಮಗನೇ ಇರಬೇಕು. ತಪ್ಪನ್ನು ಹೇಳುವ ಮಾತು ಮರುಕದ ಮಾತಾಗಿದ್ದು ಹೇಗೆ ಅಂತ ತಿಳಿದವರು ಹೇಳಿ.

ಸುಮ್ನೆ ಶಬ್ದದ ಆಟ ಇದು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕಾದಂಬರಿಯ ಎರಡನೇ ಅಧ್ಯಾಯ ಮತ್ತೆ ತೆಗೆದು ನೋಡಿದೆ. ಹೆಸ್ಟರ್ ಹೊರಗೆ ಬಂದವಳೇ ಮಗುವನ್ನು ಎದೆಗೆ ಒತ್ತಿಕೊಳ್ಳುತ್ತಾಳೆ. ಮುದ್ದಿಗಲ್ಲ, ಅಕ್ಷರ ಮುಚ್ಚಲು. ಮರುಕ್ಷಣ ಹೊಳೆಯುತ್ತದೆ: ಒಂದು ನಾಚಿಕೆಯ ಗುರುತನ್ನು ಇನ್ನೊಂದರಿಂದ ಮುಚ್ಚಿದರೆ ಏನು ಬಂತು? ಮಗುವನ್ನು ತೋಳಿನ ಮೇಲೆ ಸರಿಸಿಕೊಂಡು ತಲೆಯೆತ್ತಿ ನಿಲ್ಲುತ್ತಾಳೆ. ಅಂದರೆ ಮಗು ಮತ್ತು ಪಾಪ ಎರಡೂ ಒಂದೇ ಜಾಗದಲ್ಲಿ, ಎದೆಯ ಮೇಲೆ. ಮುಂದೆ ಮಗಳು ಪರ್ಲ್ ಸ್ವಲ್ಪ ಬೆಳೆದ ಮೇಲೆ ತಾಯಿಯೇ ಅವಳಿಗೆ ಕೆಂಪು ಮಖಮಲ್ಲಿನ ಅಂಗಿಯ ಮೇಲೆ ಚಿನ್ನದ ದಾರದ ಕಸೂತಿ ಹಾಕಿ ತೊಡಿಸುತ್ತಾಳೆ. ಆ ‘ಎ’ಗೆ ಜೀವ ಬಂದು ಓಡಾಡಿದ ಹಾಗೆ. ಇಂಗ್ಲಿಷಿನಲ್ಲಿ ಇದನ್ನು ಕಟ್ಟಲು ಹಾಥಾರ್ನ್‌ಗೆ ಎಷ್ಟೋ ಪುಟ ಬೇಕಾಯಿತು. ನಮಗೆ ಎರಡಕ್ಷರದಲ್ಲಿ ಸಿಕ್ಕಿದೆ.

ಇನ್ನೂ ಒಂದಿದೆ. ಕಣ್ಣಿನ ಕರಿಗುಡ್ಡೆಗೆ ನಾವು ಪಾಪೆ ಅನ್ನುತ್ತೇವೆ. ಎದುರಿಗೆ ನಿಂತವರ ಪುಟ್ಟ ರೂಪ ಅಲ್ಲಿ ಕಾಣುತ್ತದೆ. ಆರನೇ ಅಧ್ಯಾಯದಲ್ಲಿ ಹೆಸ್ಟರ್ ಮಗಳ ಕಣ್ಣಿನಲ್ಲಿ ತನ್ನ ರೂಪ ನೋಡಿಕೊಳ್ಳುತ್ತಾಳೆ. ಆ ಕಪ್ಪು ಕನ್ನಡಿಯಲ್ಲಿ ತಾನಲ್ಲ, ನಗುವ ಯಾವುದೋ ಕೆಟ್ಟ ಮುಖ ಕಂಡಂತಾಗುತ್ತದೆ. ಪಾಪದ ಪಾಪೆಯಲ್ಲಿ ಪಾಪ! ಇದನ್ನು ಬರೆದು ಮೂರು ಸಲ ಹೊಡೆದು ಹಾಕಿದೆ. ಜಾಸ್ತಿಯಾಯಿತು ಅಲ್ವಾ?

ನನ್ನ ಮೊದಲ ಪ್ರಶ್ನೆ ಇದೇ. ಅನುವಾದಿಸುವಾಗ ಈ ಮಾತನ್ನು ಬೇಕೆಂದೇ ಎರಡರ್ಥಕ್ಕೆ ಬಿಡಬಹುದೇ? ‘ಮಗು’ ಅಂತ ಬರೆದರೆ ಅರ್ಥ ಸ್ಪಷ್ಟ, ಆದರೆ ಕೈಗೆ ಸಿಕ್ಕಿದ್ದನ್ನು ಕೆಳಗೆ ಹಾಕಿದ ಹಾಗೆ. ನನಗಂತೂ ಎರಡರ್ಥಕ್ಕೆ ಬಿಡುವುದೇ ಸರಿ ಅನ್ನಿಸುತ್ತದೆ, ಒಂದೇ ಒಂದು ಕಡೆ, ಆ ಬಾಗಿಲ ಬಳಿ ಮಾತ್ರ.

ತೊಡಕು ಎಲ್ಲಿದೆ ಅಂದರೆ ಅಮ್ಮನ ‘ಅಯ್ಯೋ ಪಾಪ’ದಲ್ಲಿ. ಆ ಊರಿನಲ್ಲಿ ಆ ಹೊತ್ತು ಮರುಕ ಬಹಳ ಕಡಿಮೆ. ಜೈಲಿನ ಮುಂದೆ ನಿಂತ ಹೆಂಗಸರಲ್ಲಿ ಒಬ್ಬಳು ಹಣೆಗೆ ಬರೆ ಹಾಕಬೇಕಿತ್ತು ಅನ್ನುತ್ತಾಳೆ, ಇನ್ನೊಬ್ಬಳು ಸಾಯಿಸಬೇಕಿತ್ತು ಅನ್ನುತ್ತಾಳೆ. ಒಬ್ಬ ಎಳೆಯ ತಾಯಿ ಮಾತ್ರ ಮೆತ್ತಗೆ ಮಾತಾಡುತ್ತಾಳೆ. ಅವಳ ಬಾಯಿಗೆ ‘ಅಯ್ಯೋ ಪಾಪ’ ಕೊಟ್ಟರೆ ಹೇಗೆ?

ಪಾಪದ ಜೊತೆ ನಾವು ಬಳಸುವ ಕ್ರಿಯಾಪದಗಳನ್ನೂ ನೋಡಿ. ಪಾಪ ತೊಳೆದುಕೊಳ್ಳುತ್ತೇವೆ, ಪಾಪ ಕಳೆದುಕೊಳ್ಳುತ್ತೇವೆ. ಪಾಪದ ಕೊಡ ತುಂಬುತ್ತದೆ. ಪಕ್ಕದಲ್ಲಿ ಪುಣ್ಯ ಅಂತ ಇನ್ನೊಂದು ಖಾತೆ ಇದೆ. ಒಂದು ಮುಳುಗು, ಒಂದು ಯಾತ್ರೆ, ಒಂದು ಹರಕೆ, ಏನೋ ದಾರಿ ಇರುತ್ತದೆ. ಪ್ಯೂರಿಟನ್ನರಿಗೆ ಆ ಖಾತೆಯೇ ಇಲ್ಲ. ಅವರು ಕ್ಯಾಲ್ವಿನ್ ಎಂಬ ಕ್ರೈಸ್ತ ಸುಧಾರಕನ ಮತದವರು. ಆದಾಮನ ತಪ್ಪಿನಿಂದ ಹುಟ್ಟುವಾಗಲೇ ಎಲ್ಲರೂ ಪಾಪಿಗಳು, ಯಾರು ಉಳಿಯುತ್ತಾರೆ ಅಂತ ದೇವರು ಮೊದಲೇ ಆರಿಸಿಟ್ಟಿದ್ದಾನೆ, ಒಳ್ಳೆ ಕೆಲಸ ಮಾಡಿ ಅದನ್ನು ಕೊಳ್ಳಲಾಗದು. ನ್ಯೂ ಇಂಗ್ಲೆಂಡಿನ ಮಕ್ಕಳ ಅಕ್ಷರ ಪುಸ್ತಕದಲ್ಲಿ ‘ಎ’ ಅಕ್ಷರಕ್ಕಿದ್ದ ಪಾಠವೇ ಆದಾಮ ಬಿದ್ದ, ಅವನ ಜೊತೆ ನಾವೆಲ್ಲ ಪಾಪಕ್ಕೆ ಬಿದ್ದೆವು ಅಂತ. ನಮ್ಮಲ್ಲಿ ಅ ಅಂದರೆ ಅರಸ, ಆ ಅಂದರೆ ಆನೆ. ಅಲ್ಲಿಯ ಮಕ್ಕಳ ಗತಿ ನೋಡಿ!

ಹಾಗಾದರೆ ‘ಅಪರಾಧ’ ಅನ್ನೋಣವೇ? ಅದೂ ಪೂರ್ತಿ ಕೂರುವುದಿಲ್ಲ. ನಮಗೆ ಅಪರಾಧ ಕೋರ್ಟಿಗೆ, ಪಾಪ ದೇವರಿಗೆ. ಆ ಊರಿನಲ್ಲಿ ಧರ್ಮ, ಕಾನೂನು ಹೆಚ್ಚುಕಮ್ಮಿ ಒಂದೇ. ಬಾಸ್ಟನ್ ಇದ್ದ ಮ್ಯಾಸಚೂಸೆಟ್ಸ್ ಬೇ ವಸಾಹತಿನ 1641ರ ಕಾನೂನಿನಲ್ಲಿ ಇಂಥ ತಪ್ಪಿಗೆ ಮರಣದಂಡನೆ. 1644ರಲ್ಲಿ ಬಾಸ್ಟನ್‌ನಲ್ಲಿ ಮೇರಿ ಲೇಥಮ್, ಜೇಮ್ಸ್ ಬ್ರಿಟನ್ ಎಂಬಿಬ್ಬರನ್ನು ಇದಕ್ಕಾಗಿ ನಿಜವಾಗಿಯೂ ಗಲ್ಲಿಗೆ ಹಾಕಿದರು. ಕಥೆಯ ಹೆಸ್ಟರ್‌ಗೆ ಸಿಕ್ಕಿದ್ದು ಅವರ ಲೆಕ್ಕದಲ್ಲಿ ದಯೆ. ಅದಕ್ಕೇ ಅವಳು ನಿಂತ ಜಾಗಕ್ಕೆ ‘ಗಲ್ಲುಕಟ್ಟೆ’ ಅನ್ನಬೇಡಿ. ಒಂದು ಸಾರಾಂಶದಲ್ಲಿ ಹಾಗೆ ನೋಡಿದೆ. ಅದು ಕತ್ತು, ಕೈ ಸಿಕ್ಕಿಸುವ ಮರದ ಚೌಕಟ್ಟು ಇರುವ ಎತ್ತರದ ಹಲಗೆ. ನಾನು ಅಟ್ಟಣಿಗೆ ಅಂದೆ. ಅರಳಿಕಟ್ಟೆ, ಪಂಚಾಯಿತಿ ನೆನಪಾಗಿ ‘ಕಟ್ಟೆ’ಯೂ ನಾಲಿಗೆಗೆ ಬಂತು, ಆದರೆ ಮರದ್ದು ಕಟ್ಟೆ ಹೇಗಾಗುತ್ತದೆ?

ಇನ್ನು ಆ ತಪ್ಪಿನ ಹೆಸರು. ಕಾದಂಬರಿಯಲ್ಲಿ ಇಡೀ ಊರು ಅದರ ಬಗ್ಗೆಯೇ ಮಾತಾಡುತ್ತದೆ, ಆದರೆ ಅಡಲ್ಟರಿ ಅನ್ನುವ ಆ ಪದ ಒಮ್ಮೆಯೂ ಬರುವುದಿಲ್ಲ. ಬರುವುದು ‘ಎ’ ಮಾತ್ರ. ನಾವು ವ್ಯಭಿಚಾರ, ಹಾದರ ಅಂತ ಬರೆದುಬಿಟ್ಟರೆ ಲೇಖಕ ಬಾಯಿಗೆ ಹಾಕಿಕೊಂಡ ಬೀಗವನ್ನು ನಾವು ಒಡೆದ ಹಾಗೆ. ಹಾದರ ಎಷ್ಟೇ ಖಡಕ್ ಕನ್ನಡ ಪದ ಆಗಿರಲಿ, ಇಲ್ಲಿ ಬೇಡ.

ಆ ಅಕ್ಷರವನ್ನು ‘ಎ’ ಅಂತಲೇ ಇಡೋಣವೇ, ‘ಅ’ ಮಾಡೋಣವೇ? ‘ಅ’ ಆಸೆ ಹುಟ್ಟಿಸುತ್ತದೆ. ಅನೀತಿ, ಅಧರ್ಮ, ಅಪವಿತ್ರ ಎಲ್ಲದರ ತಲೆಯ ಮೇಲೂ ಅದೇ ಕೂತಿದೆ. ಅಮ್ಮನೂ ಅದರಿಂದಲೇ ಶುರು. ಮುಂದೆ ಹೆಸ್ಟರ್ ರೋಗಿಗಳ ಸೇವೆ ಮಾಡಿ, ಬಡವರಿಗೆ ಬಟ್ಟೆ ಹೊಲಿದುಕೊಟ್ಟು ಊರಿನ ಮನಸ್ಸು ಗೆದ್ದ ಮೇಲೆ ಜನ ಆ ಅಕ್ಷರಕ್ಕೆ ‘ಗಟ್ಟಿಗಿತ್ತಿ’ ಅನ್ನುವಂಥ ಅರ್ಥ ಹೇಳುತ್ತಾರೆ. ಗವರ್ನರ್ ವಿಂತ್ರಪ್ ಸತ್ತ ರಾತ್ರಿ ಆಕಾಶದಲ್ಲಿ ಅದೇ ಅಕ್ಷರ ಕಂಡು ದೇವದೂತ ಅಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಅಡಲ್ಟರಿ, ಏಬಲ್, ಏಂಜೆಲ್ ಎಲ್ಲವೂ ‘ಎ’ಯಿಂದ ಶುರುವಾಗುವ ಪದಗಳು. ಕನ್ನಡದಲ್ಲಿ ಗಟ್ಟಿಗಿತ್ತಿಗೂ ದೇವದೂತನಿಗೂ ‘ಅ’ ತರಲು ಹೋಗಿ ಅಸಾಧ್ಯಳು, ಅಮರ ಅಂತೆಲ್ಲ ಬರೆದೆ. ನಗು ಬಂತು. ಬಾಸ್ಟನ್‌ನ ಆಕಾಶದಲ್ಲಿ ಕನ್ನಡದ ‘ಅ’ ಮೂಡುವುದೂ ವಿಚಿತ್ರವೇ. ‘ಎ’ಯೇ ಇರಲಿ ಅನ್ನುವುದು ನನ್ನ ಮತ.

ಕಾದಂಬರಿಯ ಹೆಸರಿಗೆ ‘ಕಡುಗೆಂಪು ಅಕ್ಷರ’ ಸಾಕು. ‘ಕಳಂಕ’ ಬೇಡ, ಅದು ತೀರ್ಪು ಕೊಟ್ಟುಬಿಡುತ್ತದೆ. ‘ಹಣೆಪಟ್ಟಿ’ ನಮ್ಮ ನುಡಿಗಟ್ಟು, ಚೆನ್ನಾಗಿದೆ, ಆದರೆ ಇದು ಹಣೆಯಲ್ಲಿಲ್ಲ, ಎದೆಯಲ್ಲಿದೆ. ಒಂದೊಂದು ಗೆರೆಯೂ ಮೂರೂಕಾಲು ಇಂಚು ಅಂತ ಹಾಥಾರ್ನ್ ಅಳತೆ ಕೂಡ ಕೊಡುತ್ತಾನೆ. ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದವನಲ್ಲವೇ, ಅಳೆಯದೆ ಬಿಡುತ್ತಾನೆಯೇ! ಪ್ಲಿಮತ್ ವಸಾಹತಿನಲ್ಲಿ 1658ರ ಕಾನೂನು ಹೀಗೆ ಬಟ್ಟೆಯ ಅಕ್ಷರ ಹೊಲಿಸುವುದನ್ನು ವಿಧಿಸಿತ್ತು. ಅಲ್ಲಿ ‘ಎ’, ‘ಡಿ’ ಎಂದು ಎರಡಕ್ಷರ, ತೋಳಿನ ಮೇಲೋ ಬೆನ್ನಿನ ಮೇಲೋ. ಎದೆಗೆ ತಂದವನು ಕಾದಂಬರಿಕಾರ.

ನಿಜವಾಗಿ ನಿದ್ದೆಗೆಡಿಸಿದ್ದು ಇನ್ನೊಂದು ಪದ. ಮಗುವಿನ ತಂದೆ ಊರಿನ ಪಾದ್ರಿ ಡಿಮ್ಸ್‌ಡೇಲ್. ಏಳು ವರ್ಷ ಬಾಯಿ ಬಿಡದೆ ಒಳಗೇ ಬೇಯುತ್ತಾನೆ. ಅವನ ಆ ಸಂಕಟಕ್ಕೆ ನಮ್ಮಲ್ಲಿ ಏನನ್ನುತ್ತೇವೆ? ಪುಸ್ತಕಗಳಲ್ಲಿ ಪಾಪಪ್ರಜ್ಞೆ, ಪತ್ರಿಕೆಗಳಲ್ಲಿ ಅಪರಾಧಿ ಪ್ರಜ್ಞೆ, ತಪ್ಪಿತಸ್ಥ ಭಾವನೆ. ಮನೆಯಲ್ಲಿ ಯಾರಾದರೂ “ನನಗೆ ಪಾಪಪ್ರಜ್ಞೆ ಕಾಡ್ತಿದೆ” ಅಂದದ್ದು ಕೇಳಿದ್ದೀರಾ? ಪಶ್ಚಾತ್ತಾಪ ಅದಾದ ಮೇಲಿನ ಹಂತ. ಅಳುಕು ಸಣ್ಣದಾಯಿತು. ಹೆಸ್ಟರ್ ಅನುಭವಿಸಿದ್ದಕ್ಕೆ ಮಾತ್ರ ಪದಗಳ ರಾಶಿಯೇ ಇದೆ: ಮಾನ ಹೋಯಿತು, ಮರ್ಯಾದೆ ಹೋಯಿತು, ತಲೆ ತಗ್ಗಿಸುವ ಹಾಗಾಯಿತು, ನಾಲ್ಕು ಜನರ ಮುಂದೆ ಮುಖ ತೋರಿಸುವುದು ಹೇಗೆ. ನಾಲ್ಕು ಜನ ನೋಡಿದ್ದಕ್ಕೆ ನಮ್ಮಲ್ಲಿ ಮಾತು ಜಾಸ್ತಿ. ಯಾರೂ ನೋಡದೆ ಇದ್ದಾಗ ಆಗುವುದಕ್ಕೆ ನಾಮಪದ ಸಿಗುತ್ತಿಲ್ಲ, ಕ್ರಿಯಾಪದಗಳಿವೆ: ಕೊರೆಯುತ್ತೆ, ಚುಚ್ಚುತ್ತೆ, ಒಳಗೊಳಗೇ ತಿನ್ನುತ್ತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇಲ್ಲಿ ನೆನಪಾಗಲೇಬೇಕು. ಡಿಮ್ಸ್‌ಡೇಲ್ ಕೈ ಯಾವಾಗಲೂ ಎದೆಯ ಮೇಲೆ. ಪಾದ್ರಿ ಯಾಕೆ ಕೈ ಅಲ್ಲಿಟ್ಟುಕೊಳ್ಳುತ್ತಾರೆ ಅಂತ ಪುಟ್ಟ ಪರ್ಲ್ ಕೇಳುತ್ತಲೇ ಇರುತ್ತಾಳೆ. ಆದರೆ ಗಾದೆಯ ಕಳ್ಳನಿಗೆ ಸಿಕ್ಕಿಬೀಳುವ ಭಯ. ಇವನ ಕಥೆ ಇನ್ನೂ ಕಷ್ಟದ್ದು. ಉಪದೇಶದ ನಡುವೆ ನಾನು ಪಾಪಿಗಳಲ್ಲೇ ಪಾಪಿ ಅಂತ ಹೇಳಿಕೊಳ್ಳುತ್ತಾನೆ. ಜನ ಎಂಥ ವಿನಯ ಅಂತ ಇನ್ನಷ್ಟು ಕೈಮುಗಿಯುತ್ತಾರೆ. ಕುಂಬಳಕಾಯಿ ಹೊತ್ತುಕೊಂಡೇ ಕೂಗಿದರೂ ಯಾರಿಗೂ ಕಾಣದು. ಕ್ಯಾಥೊಲಿಕ್ ಆಗಿದ್ದರೆ ಒಬ್ಬ ಗುರುವಿನ ಕಿವಿಯಲ್ಲಿ ಹೇಳಿಕೊಳ್ಳಬಹುದಿತ್ತು. ಪ್ಯೂರಿಟನ್ನರಲ್ಲಿ ಆ ಪದ್ಧತಿ ಇಲ್ಲ. ಅದಕ್ಕೇ ಇವನು ಕೋಣೆಯ ಬಾಗಿಲು ಹಾಕಿಕೊಂಡು ಚಾಟಿಯಿಂದ ತನ್ನನ್ನೇ ಹೊಡೆದುಕೊಳ್ಳುತ್ತಾನೆ.

ಸದ್ಯಕ್ಕೆ ‘ಒಳಗಿನ ಕೊರೆತ’ ಅಂತ ಬರೆದುಕೊಂಡಿದ್ದೇನೆ. ಕಡಲ ಕಡೆಯವರಿಗೆ ಕಡಲ್ಕೊರೆತ ನೆನಪಾಗಬಹುದು, ಆಗಲಿ ಬಿಡಿ, ಅದೂ ದಡವನ್ನು ಹಾಗೇ ತಿನ್ನುವುದು. ಇದಕ್ಕಿಂತ ಚೆನ್ನಾದ ಮಾತು ನಿಮ್ಮ ಊರಿನಲ್ಲಿದ್ದರೆ ದಯವಿಟ್ಟು ತಿಳಿಸಿ.

ಪ್ಯೂರಿಟನ್‌ಗೆ ‘ಮಡಿವಂತ’ ಅಂತ ಬರೆಯುವವರಿಗೆ ಒಂದು ಮಾತು. ಮಡಿ ಬಟ್ಟೆಯದು, ಮುಟ್ಟಿನದು, ಸ್ನಾನದ್ದು. ಅವರು ಶುದ್ಧ ಮಾಡಹೊರಟಿದ್ದು ಇಂಗ್ಲೆಂಡಿನ ಚರ್ಚನ್ನು. ಪ್ಯೂರಿಟನ್ ಅಂತಲೇ ಇಡಿ.

ಕೊನೆಯದು ಗೋರಿಕಲ್ಲು. ಕಥೆ ಮುಗಿಯುವುದೇ ಹೆಸ್ಟರ್, ಪಾದ್ರಿ ಇಬ್ಬರಿಗೂ ಸೇರಿ ಇರುವ ಒಂದು ಕಲ್ಲಿನ ಮೇಲೆ. ಅದರಲ್ಲಿರುವುದು ಮನೆತನದ ಲಾಂಛನ ವಿವರಿಸುವ ಹಳೆಯ ಭಾಷೆ: ಕಪ್ಪು ನೆಲ, ಅದರ ಮೇಲೆ ಕೆಂಪು ‘ಎ’. ಅಲ್ಲಿ ಕಪ್ಪು, ಕೆಂಪಿಗೆ ಬಳಸಿದ್ದು ದಿನದ ಮಾತಲ್ಲ, ರಾಜರ ಗುರಾಣಿಗಳ ಮಾತು. ನಮ್ಮಲ್ಲಿ ಲಾಂಛನ ಅಂದರೆ ಗಂಡಭೇರುಂಡದ ಹಾಗೆ ಹೆಮ್ಮೆಯ ಗುರುತು. ಹಿಂದಿಯಲ್ಲಿ ಅದೇ ಪದಕ್ಕೆ ಕಳಂಕ ಅಂತ ಅರ್ಥ. ವಚನಗಳಲ್ಲಿ ಲಾಂಛನಧಾರಿ ಅಂದರೆ ಹೊರಗೆ ವೇಷ ತೊಟ್ಟವನು, ಅದು ಪಾದ್ರಿಗೂ ಹೊಂದುತ್ತದೆ. ಹಳಗನ್ನಡ ಬಲ್ಲವರು ಹೇಳಿ, ಆ ಒಂದು ಸಾಲಿಗೆ ‘ಕರಿಯ ನೆಲದೊಳ್ ಕೆಂಪು’ ಅಂತ ಇಡಬಹುದೇ? ಅಕ್ಕನ ಮಗಳ ಪರೀಕ್ಷೆ ಬಂತು, ಅವಳಿಗೆ ಇದು ಬೇಕಾಗಿಲ್ಲ. ನನಗೆ ಬೇಕು.